ಮರಳುಗಾಡಿನ ಗಾಡಿಗೆ ತುಕ್ಕು ಯಾಕೆ?

ಆಟಿಕೆ ಕಾರನ್ನು ಬಿಚ್ಚಿ, ಬಣ್ಣ ಕಿತ್ತು, ಮೇಲೆ ತಗಡು, ಜಾಲರಿ, ಬಂದೂಕು ಅಂಟಿಸಿ, ಜಗತ್ತು ಹಾಳಾದ ಮೇಲೆ ಓಡಾಡುವ ಗಾಡಿ ಮಾಡುವ ಹವ್ಯಾಸ ಒಂದಿದೆ. ನಾನು ಅದರಲ್ಲಿ ಮುಳುಗಿ ಕೆಲವು ವರ್ಷಗಳಾದವು. ಬೇರೆಯವರು ಮಾಡಿದ ಗಾಡಿಗಳ ಫೋಟೊ ನೋಡಿದಾಗೆಲ್ಲ ನನ್ನದು ಒಂದೇ ತಕರಾರು. ಎಲ್ಲದಕ್ಕೂ ಮೈತುಂಬ ತುಕ್ಕು. ಬಾನೆಟ್ಟಿಗೆ ತುಕ್ಕು, ಟಾಪಿಗೆ ತುಕ್ಕು, ಡಿಕ್ಕಿಗೆ ತುಕ್ಕು, ಕೊನೆಗೆ ಫೈಬರ್ ಬಂಪರಿಗೂ ತುಕ್ಕು. ಆದರೆ ಗಾಡಿ ನಿಂತಿರುವುದು ಮಾತ್ರ ಹಳದಿ ಮರಳಿನ ಮೇಲೆ. ಹನಿ ಮಳೆ ಬೀಳದ ಜಾಗದಲ್ಲಿ ಇಷ್ಟೊಂದು ತುಕ್ಕು ಎಲ್ಲಿಂದ ಬಂತು ಸ್ವಾಮಿ?

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿ ಬೇಕು, ನೀರೂ ಬೇಕು. ಗಾಳಿಯ ತೇವ ಶೇಕಡಾ 60ಕ್ಕಿಂತ ಕೆಳಗಿದ್ದರೆ ತುಕ್ಕು ತೆವಳುತ್ತದೆ. ಉಪ್ಪು ಸೇರಿತೋ, ಓಡುತ್ತದೆ. ಮಂಗಳೂರು, ಕಾರವಾರದ ಕಡೆ ಹಳೇ ಗಾಡಿ ಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೇಲಿನಿಂದ ನೋಡಿದರೆ ಗಾಡಿ ಜೋರಾಗಿರುತ್ತದೆ. ಬಾಗಿಲಿನ ಕೆಳ ಅಂಚಿಗೆ ಬೆರಳು ಒತ್ತಿದರೆ ತಗಡು ಬಿಸ್ಕತ್ತಾಗಿ ಉದುರುತ್ತದೆ. ರಾಯಚೂರಿನ ಕಡೆ ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಕತೆಯೇ ಬೇರೆ. ಅಲ್ಲಿ ಏಟು ಬೀಳುವುದು ಬಣ್ಣಕ್ಕೆ. ಬಾನೆಟ್ಟು, ಟಾಪು ಸುಣ್ಣ ಬಳಿದಂತೆ ಮಂಕಾಗುತ್ತವೆ. ಗಾಜಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಒಡೆಯುತ್ತದೆ. ಹೆಡ್‌ಲೈಟಿನ ಪ್ಲಾಸ್ಟಿಕ್ಕು ಹಳದಿಯಾಗುತ್ತದೆ. ತಗಡು ಮಾತ್ರ ಗಟ್ಟಿ.

ಅಂದಮೇಲೆ ತುಕ್ಕು ಬಳಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು. ಈ ಗಾಡಿ ಯಾವ ಊರಿನದು? ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ನನ್ನ ಮಟ್ಟಿಗೆ ಈ ಹವ್ಯಾಸದ ರುಚಿಯೆಲ್ಲ ಇರುವುದು ಇಲ್ಲೇ. ಬಂದೂಕು ಅಂಟಿಸುವುದು ಯಾರಿಗೂ ಬರುತ್ತದೆ. ಏನು ಇಲ್ಲ ಅನ್ನುವುದನ್ನು ಒಂದು ಪುಟ್ಟ ಗಾಡಿಯ ಮೈಮೇಲೆ ತೋರಿಸುವುದು ಕಷ್ಟ.

ಈ ಪುಟ್ಟ ಗಾಡಿಗಳನ್ನು ಮೇಜಿನ ಮೇಲೆ ಓಡಿಸಿ ಆಡುವ ಆಟ ಒಂದಿದೆ. ಗೊತ್ತಿಲ್ಲದವರಿಗೆ ಅದರ ಬಗ್ಗೆ ಎರಡು ಮಾತು. ಈಚೆಗೆ ಇಷ್ಟೊಂದು ಜನ ಆಟಿಕೆ ಕಾರಿನ ಹಿಂದೆ ಬಿದ್ದಿರುವುದಕ್ಕೆ ದೊಡ್ಡ ಕಾರಣ ‘ಗ್ಯಾಸ್‌ಲ್ಯಾಂಡ್ಸ್’. ಮೈಕ್ ಹಚಿನ್ಸನ್ ಬರೆದ ಈ ಆಟದ ನಿಯಮಗಳ ಪುಸ್ತಕವನ್ನು ಇಂಗ್ಲೆಂಡಿನ ಆಸ್ಪ್ರೆ ಸಂಸ್ಥೆ 2017ರಲ್ಲಿ ತಂದಿತು. 2019ರಲ್ಲಿ ‘ರೀಫ್ಯೂಯಲ್ಡ್’ ಅಂತ ದಪ್ಪನೆಯ ಹೊಸ ಆವೃತ್ತಿ ಬಂತು. ಕತೆ ಸರಳ. ಮಂಗಳ ಗ್ರಹದವರು ಯುದ್ಧದಲ್ಲಿ ಗೆದ್ದು ಭೂಮಿಯನ್ನು ಹಾಳುಗೆಡವಿದ್ದಾರೆ. ಇಲ್ಲಿ ಉಳಿದುಕೊಂಡವರಿಗೆ ಒಂದು ಟಿವಿ ಶೋ. ಗಾಡಿ ಓಡಿಸು, ಎದುರಾಳಿಯನ್ನು ಹೊಡೆದುರುಳಿಸು, ಗೆದ್ದರೆ ಮಂಗಳಕ್ಕೆ ಟಿಕೆಟ್. ಹುಚ್ಚು ಕತೆಯೇ. ಆದರೆ ಆಟ ಚೆನ್ನಾಗಿದೆ.

ಗಾಡಿಗಳ ಕಾದಾಟದ ಆಟ ಹೊಸದೇನಲ್ಲ. ಅಮೆರಿಕದಲ್ಲಿ 1980ರ ದಶಕದ ಶುರುವಿನಲ್ಲೇ ‘ಕಾರ್ ವಾರ್ಸ್’ ಇತ್ತು. ಅದರಲ್ಲಿ ಗಾಡಿ ಅಂದರೆ ರಟ್ಟಿನ ಚಿಕ್ಕ ಚೀಟಿ. ಇಂಗ್ಲೆಂಡಿನಲ್ಲಿ 1988ರಲ್ಲಿ ‘ಡಾರ್ಕ್ ಫ್ಯೂಚರ್’ ಬಂತು. ಅದರ ಡಬ್ಬದೊಳಗೇ ಪ್ಲಾಸ್ಟಿಕ್ ಕಾರು ಇಟ್ಟು ಕೊಟ್ಟರು. ಗ್ಯಾಸ್‌ಲ್ಯಾಂಡ್ಸ್ ಜಾಣತನ ತೋರಿಸಿದ್ದು ಗಾಡಿಯನ್ನೇ ಕೊಡದೆ. ಮನೆಯಲ್ಲಿ ಮಕ್ಕಳ ಹಾಟ್ ವೀಲ್ಸ್, ಮ್ಯಾಚ್‌ಬಾಕ್ಸ್ ಆಟಿಕೆ ಕಾರುಗಳು ಬಿದ್ದಿವೆಯಲ್ಲ, ಅವನ್ನೇ ತಗೊಳ್ಳಿ ಅಂದುಬಿಟ್ಟರು. ತಂಡ ಕಟ್ಟಲು ಆಟಗಾರನಿಗೆ ಸಾಮಾನ್ಯವಾಗಿ 50 ‘ಕ್ಯಾನ್’ ಸಿಗುತ್ತದೆ. ಪೆಟ್ರೋಲ್ ಕ್ಯಾನೇ ಅಲ್ಲಿನ ದುಡ್ಡು. ಅದರಲ್ಲೇ ಗಾಡಿ, ಆಯುಧ, ಕವಚ ಎಲ್ಲ ಆಗಬೇಕು. ರಸ್ತೆಯ ಮೇಲೆ ಗಾಡಿ ಸರಿಸಲು ರಟ್ಟಿನ ಅಚ್ಚುಗಳಿವೆ. ನೇರ ಒಂದು, ಸಣ್ಣ ತಿರುವಿಗೆ ಒಂದು, ಹಿಮ್ಮುರಿ ತಿರುವಿಗೆ ಇನ್ನೊಂದು. ಯಾವ ಗೇರಿನಲ್ಲಿದ್ದೀರಿ ಅನ್ನುವುದರ ಮೇಲೆ ಯಾವ ಅಚ್ಚು ಹಾಕಬಹುದು ಅಂತ ಲೆಕ್ಕ. ದುಡುಕಿದರೆ ಅಪಾಯದ ಬಿಲ್ಲೆ ಸೇರುತ್ತಾ ಹೋಗುತ್ತವೆ. ಆರಾದವೋ, ಗಾಡಿ ಹತೋಟಿ ತಪ್ಪಿತು ಅಂತ ಅರ್ಥ.

ಮ್ಯಾಚ್‌ಬಾಕ್ಸ್ ಕಾರಿನ ಹುಟ್ಟೂ ಒಂಥರಾ ಗುಜರಿಯಲ್ಲೇ ಆಗಿದ್ದು. 1947ರಲ್ಲಿ ಲಂಡನ್ನಿನಲ್ಲಿ ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಅನ್ನುವ ಇಬ್ಬರು ಗೆಳೆಯರು ಲೆಸ್ನಿ ಕಂಪನಿ ಶುರು ಮಾಡಿದರು. ಅಡ್ಡಹೆಸರು ಒಂದೇ, ಸಂಬಂಧಿಕರಲ್ಲ. ಜಾಗ ಪಾಳುಬಿದ್ದ ಪಬ್ಬು. ಮೆಷಿನ್ನು ಯುದ್ಧ ಮುಗಿದ ಮೇಲೆ ಬೇಡವಾಗಿ ಮಾರಿದ್ದು. ಜೊತೆಗೆ ಸೇರಿದ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ ಒಂದು ನಿಯಮ. ಬೆಂಕಿಪೊಟ್ಟಣದಲ್ಲಿ ಹಿಡಿಸುವ ಆಟಿಕೆಯನ್ನು ಮಾತ್ರ ತರಬಹುದು. ಅಪ್ಪ ಪುಟ್ಟದೊಂದು ರೋಡ್ ರೋಲರ್ ಮಾಡಿಕೊಟ್ಟರು. 1953ರಲ್ಲಿ ಮ್ಯಾಚ್‌ಬಾಕ್ಸ್ ಸರಣಿ ಶುರುವಾಯಿತು. 1968ರಲ್ಲಿ ಅಮೆರಿಕದ ಮ್ಯಾಟೆಲ್ 16 ಹಾಟ್ ವೀಲ್ಸ್ ಕಾರುಗಳನ್ನು ಬಿಟ್ಟಿತು. 1997ರಿಂದ ಎರಡೂ ಬ್ರ್ಯಾಂಡ್ ಅದೇ ಮನೆಯಲ್ಲಿವೆ.

ಬೆಂಕಿಪೊಟ್ಟಣದ ಆ ಲೆಕ್ಕ ಇವತ್ತಿಗೂ ನಮ್ಮ ಜೀವ ತಿನ್ನುತ್ತದೆ. ಈ ಕಾರುಗಳು 1:64, ಅಂದರೆ ನಿಜವಾದ ಗಾಡಿಯ ಅಳತೆಯ 64ರಲ್ಲಿ ಒಂದು ಪಾಲು, ಅಂತ ಎಲ್ಲರೂ ಹೇಳುತ್ತೇವೆ. ನಿಜವಾಗಿ ಅವುಗಳ ಅಳತೆ ಪ್ಯಾಕೆಟ್ಟಿಗೆ ತಕ್ಕಂತೆ. ಬಸ್ಸನ್ನೂ ಅದೇ ಪ್ಯಾಕೆಟ್ಟಿಗೆ ತುರುಕಬೇಕು, ಪುಟಾಣಿ ಕಾರನ್ನೂ ಅದಕ್ಕೇ ಹೊಂದಿಸಬೇಕು. ಅದಕ್ಕೆ ಅಕ್ಕಪಕ್ಕ ಇಟ್ಟರೆ ಬಸ್ಸಿನ ಬಾಗಿಲಿಗೆ ಬೆಕ್ಕು ಮಾತ್ರ ನುಗ್ಗಬಹುದು. ನಾನು ಅಂಗಡಿಯಲ್ಲಿ ನೋಡುವುದು ಬಾಗಿಲಿನ ಎತ್ತರ, ಸೀಟಿನ ಅಗಲ. ಎರಡು ಗಾಡಿಯ ಬಾಗಿಲು ಒಂದೇ ಎತ್ತರ ಇದ್ದರೆ ಒಂದೇ ರಸ್ತೆಯಲ್ಲಿ ಓಡುತ್ತವೆ ಅಂತ ಕಣ್ಣು ಒಪ್ಪುತ್ತದೆ. ರೇಸ್ ಕಾರಿನ ರೆಕ್ಕೆ, ಹಲ್ಲು ಕಿರಿಯುವ ಮೂತಿ ಇರುವ ಮಾಡೆಲ್‌ಗಳನ್ನು ಮುಟ್ಟುವುದಿಲ್ಲ. ಅವು ಈಗಾಗಲೇ ಬೇರೆ ಯಾರದೋ ಕಲ್ಪನೆ. ನನಗೆ ಬೇಕಿರುವುದು ಸಪ್ಪೆ ಗಾಡಿ. ಸ್ಟೇಷನ್ ವ್ಯಾಗನ್, ಪಿಕಪ್, ವ್ಯಾನು.

ಬಿಚ್ಚುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಹೆದರುವುದು ಇಲ್ಲೇ. ಕಾರನ್ನು ಮಗುಚಿ ನೋಡಿ. ತಳದಲ್ಲಿ ಮುಂದೊಂದು ಹಿಂದೊಂದು ಗುಂಡಗಿನ ಬೊಟ್ಟು ಕಾಣುತ್ತದೆ. ಅದು ಹೊರಗಿನಿಂದ ಹೊಡೆದ ರಿವಿಟ್ ಅಲ್ಲ. ಮೇಲಿನ ಬಾಡಿಯಿಂದಲೇ ಇಳಿದ ಕಂಬ. ತಳದ ತೂತಿನಿಂದ ಹೊರಬಂದ ತುದಿಯನ್ನು ಫ್ಯಾಕ್ಟರಿಯಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತಾರೆ, ಅಷ್ಟೇ. ತುದಿ ಹೋದರೆ ಗಾಡಿ ಬಿಚ್ಚಿಕೊಳ್ಳುತ್ತದೆ. ಮೊದಲು ಸೆಂಟರ್ ಪಂಚ್ ಇಟ್ಟು ಬೊಟ್ಟಿನ ನಡುವೆ ಸಣ್ಣ ಗುಳಿ ಮಾಡಬೇಕು. ಇಲ್ಲದಿದ್ದರೆ ಡ್ರಿಲ್ ಬಿಟ್ ಜಾರಿ ಕೈಗೆ ಬರುತ್ತದೆ. ಗಾಡಿಯನ್ನು ಬಟ್ಟೆ ಸುತ್ತಿ ವೈಸಿನಲ್ಲಿ ಹಿಡಿಸಿ, ಸಣ್ಣ ಬಿಟ್ಟಿನಿಂದ ದಾರಿ ಮಾಡಿ, ಆಮೇಲೆ ದಪ್ಪ ಬಿಟ್ ಹಾಕಿ ನಿಧಾನಕ್ಕೆ ಕೊರೆಯಬೇಕು. ಬೆಳ್ಳಗೆ ಮಿನುಗುವ ಪುಡಿ ಸುರುಳಿ ಸುರುಳಿಯಾಗಿ ಮೇಲೆ ಬರುತ್ತದೆ. ಒಂದು ಹಂತದಲ್ಲಿ ಬೊಟ್ಟಿನ ಅಂಚು ಪುಟ್ಟ ಉಂಗುರದಂತೆ ಕಿತ್ತು ಬಿಟ್ಟಿನ ಜೊತೆಗೇ ಗಿರಗಿರ ತಿರುಗುತ್ತದೆ. ತಕ್ಷಣ ನಿಲ್ಲಿಸಿ. ಅದಕ್ಕಿಂತ ಆಳ ಹೋದರೆ ಕಂಬವೇ ಸವೆಯುತ್ತದೆ. ಇಷ್ಟೂ ಹೊತ್ತು ಕನ್ನಡಕ, ಮಾಸ್ಕ್ ತೆಗೆಯಬೇಡಿ.

ಈಗ ಬಾಡಿ, ತಳ, ಗಾಜು, ಸೀಟು, ಚಕ್ರ ಎಲ್ಲ ಬೇರೆಬೇರೆ. ಕಂಬಕ್ಕೆ 1.6 ಮಿಲಿಮೀಟರ್ ತೂತು ಕೊರೆದು, ಟ್ಯಾಪ್ ಅನ್ನುವ ಸಾಧನದಿಂದ ಒಳಗೆ ಸ್ಕ್ರೂ ಸುತ್ತು ಕೊರೆದರೆ 2 ಮಿಲಿಮೀಟರ್ ಸ್ಕ್ರೂ ಸಲೀಸಾಗಿ ಕೂರುತ್ತದೆ. ಆಮೇಲೆ ಎಷ್ಟು ಸಲ ಬೇಕಾದರೂ ಬಿಚ್ಚಿ ಜೋಡಿಸಬಹುದು. ಬಾಡಿಗೆ ಪೇಂಟ್ ರಿಮೂವರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಬಣ್ಣ ಹಪ್ಪಳ ಎದ್ದು ಸುಕ್ಕಾಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೆ ಸಾಕು. ಪ್ಲಾಸ್ಟಿಕ್ ಭಾಗಕ್ಕೆ ಮಾತ್ರ ಅದು ತಾಗಬಾರದು, ಕರಗಿಹೋಗುತ್ತದೆ. ಬಣ್ಣ ಹೋದ ಬಾಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಬೂದು ಬಣ್ಣದ ಸತುವಿನ ಮಿಶ್ರಲೋಹ. ಜಮಾಕ್ ಅನ್ನುತ್ತಾರೆ. ಸತುವಿನ ಜೊತೆ ನೂರಕ್ಕೆ ಸುಮಾರು ನಾಲ್ಕು ಪಾಲು ಅಲ್ಯುಮಿನಿಯಂ. ಇದಕ್ಕೆ ಕೆಂಪು ತುಕ್ಕು ಹಿಡಿಯುವುದೇ ಇಲ್ಲ. ಅಂದರೆ ನಾವು ತೋರಿಸುವ ಪ್ರತಿ ಚುಕ್ಕೆ ತುಕ್ಕೂ ನಾವೇ ಬೇಕಂತ ಹಾಕಿದ್ದು. ಬೇಕಂತ ಹಾಕಿದ್ದಕ್ಕೆ ಕಾರಣ ಇರಬೇಡವೇ?

ತುಕ್ಕಿನಷ್ಟೇ ಜನಪ್ರಿಯ ಇನ್ನೊಂದು ಕಾಯಿಲೆ ಕವಚ. ಗಾಜು ಮುಚ್ಚಿ ತಗಡು, ಬಾಗಿಲಿಗೆ ತಗಡು, ಚಕ್ರಕ್ಕೂ ತಗಡು. ಲೆಕ್ಕ ಹಾಕಿ ನೋಡೋಣ. ಗುಂಡು ತಡೆಯುವ ಆಸೆಯಿಂದ 6 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಹಾಕಿದಿರಿ ಅಂತಿಟ್ಟುಕೊಳ್ಳಿ. ಒಂದು ಚದರ ಮೀಟರ್ ತಗಡೇ 47 ಕೆಜಿ ತೂಗುತ್ತದೆ. ಪಿಕಪ್ಪಿನ ಎರಡು ಪಕ್ಕ, ಹಿಂದೆ, ಮುಂದೆ ಸೇರಿಸಿ 8 ಚದರ ಮೀಟರ್ ಆದರೂ 375 ಕೆಜಿ ದಾಟಿತು. ಗಾಡಿಯೊಳಗೆ ಐದಾರು ಜನ ಸದಾ ಕೂತೇ ಇದ್ದಾರೆ ಅನ್ನುವಷ್ಟು ಭಾರ. ಪ್ಲೇಟು ಸ್ಪ್ರಿಂಗು ಚಪ್ಪಟೆಯಾಗುತ್ತದೆ, ಬ್ರೇಕು ಹಿಡಿಯುವುದಿಲ್ಲ, ಕುಡಿಯುವ ಪೆಟ್ರೋಲು ದೇವರೇ ಗತಿ. ಪೆಟ್ರೋಲೇ ಇಲ್ಲದ ಲೋಕದಲ್ಲಿ!

ನಿಜವಾದ ಯುದ್ಧದ ಉದಾಹರಣೆಯೂ ಇದೆ. 1987ರಲ್ಲಿ ಆಫ್ರಿಕಾದ ಚಾಡ್ ದೇಶದ ಸೈನಿಕರು ಟೊಯೋಟಾ ಪಿಕಪ್‌ಗಳಲ್ಲಿ ಬಂದು ಲಿಬಿಯಾದ ಟ್ಯಾಂಕು ಪಡೆಯನ್ನು ಸೋಲಿಸಿದರು. ಆ ಕದನಕ್ಕೆ ಟೊಯೋಟಾ ಯುದ್ಧ ಅಂತಲೇ ಹೆಸರು ಬಿತ್ತು. ಆ ಪಿಕಪ್‌ಗಳಿಗೆ ಕವಚ ಅಂತ ಏನೂ ಇರಲಿಲ್ಲ. ಹಿಂದಿನ ತೊಟ್ಟಿಯಲ್ಲಿ ಕ್ಷಿಪಣಿಯೋ ಮೆಷಿನ್ ಗನ್ನೋ ಹೊತ್ತು, ಮರಳಿನಲ್ಲಿ ಬಾಣದ ಹಾಗೆ ಓಡುತ್ತಿದ್ದವು. ಹಾಗಾಗಿ ನಾನು ಕವಚ ಹಾಕಿದರೆ ಡ್ರೈವರ್ ಬಾಗಿಲಿಗೆ, ರೇಡಿಯೇಟರಿನ ಮುಂದೆ, ಅಷ್ಟೇ. ರೇಡಿಯೇಟರಿಗೆ ಕಿಂಡಿ ಬಿಡಬೇಕು, ಇಲ್ಲವಾದರೆ ಎಂಜಿನ್ ಬೇಯುತ್ತದೆ. ಅದಕ್ಕೆ ಟೀ ಸೋಸುವ ಜರಡಿಯ ಜಾಲರಿ ಒಳ್ಳೆಯದು. ಭಾರ ಹಿಂದೆ ಇದ್ದರೆ ಹಿಂದಿನ ಚಕ್ರಗಳ ಅಚ್ಚನ್ನು ಒಂದು ಮಿಲಿಮೀಟರಿನಷ್ಟು ಮೇಲಕ್ಕೆ ಕೂರಿಸಿ. ಗಾಡಿಯ ಹಿಂಭಾಗ ಚೂರು ಕುಸಿದಂತೆ ಕಾಣುತ್ತದೆ. ನೋಡಿದವರಿಗೆ ಏನಂತ ಗೊತ್ತಾಗುವುದಿಲ್ಲ, ಆದರೆ ಗಾಡಿ ಭಾರ ಇದೆ ಅಂತ ನಂಬುತ್ತಾರೆ.

ಇನ್ನು ಪೆಟ್ರೋಲಿನ ವಿಷಯ. ಜಗತ್ತು ಮುಗಿದ ಮೇಲೂ ಎಲ್ಲರೂ ಪೆಟ್ರೋಲಿಗಾಗಿ ಬಡಿದಾಡುತ್ತಾರೆ ಅನ್ನುವುದು ಈ ಲೋಕದ ಮೂಲ ನಂಬಿಕೆ. ಆದರೆ ಪೆಟ್ರೋಲು ಇಟ್ಟಲ್ಲೇ ಕೆಡುತ್ತದೆ. ಅದರಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಅಂಶ ಆವಿಯಾಗಿ ಹೋಗುತ್ತದೆ, ಉಳಿದದ್ದು ಗಾಳಿ ತಾಗಿ ಅಂಟಂಟಾಗುತ್ತದೆ. ಕೆಲವು ತಿಂಗಳು, ಬಹಳ ಅಂದರೆ ಒಂದೆರಡು ವರ್ಷ. ಆಮೇಲೆ ಕಾರ್ಬುರೇಟರ್ ಕಟ್ಟಿಕೊಂಡು ಕೂರುತ್ತದೆ. ಡೀಸೆಲ್ ಇನ್ನಷ್ಟು ದಿನ ತಡೆಯುತ್ತದೆ, ಆದರೆ ನೀರು ಸೇರಿದರೆ ಅದರಲ್ಲೂ ಸೂಕ್ಷ್ಮಜೀವಿ ಬೆಳೆದು ಫಿಲ್ಟರ್ ಕಟ್ಟುತ್ತದೆ. ಹತ್ತು ವರ್ಷದ ಮೇಲೆ ಯಾವ ಗಾಡಿ ಓಡೀತು?

ಉತ್ತರಕ್ಕೆ ಮುಂದೆ ನೋಡಬೇಕಾಗಿಲ್ಲ, ಹಿಂದೆ ನೋಡಿದರೆ ಸಾಕು. ಎರಡನೇ ಮಹಾಯುದ್ಧದ ಹೊತ್ತಿಗೆ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮಲ್ಲೂ ಇದ್ದಿಲಿನ ಗ್ಯಾಸಿನಲ್ಲಿ ಬಸ್ಸುಗಳು ಓಡಿದವು. ಮನೆಯ ಹಿರಿಯರಿಂದ ಈ ಕತೆ ಕೇಳಿರುತ್ತೀರಿ. ಬಸ್ಸಿನ ಬೆನ್ನಿಗೆ ಆಳೆತ್ತರದ ಉರುಳೆ. ಹೊರಡುವ ಮುಂಚೆ ಕ್ಲೀನರ್ ಕೈಯಲ್ಲಿ ತಿದಿ ತಿರುಗಿಸಿ ಬೆಂಕಿ ಏಳಿಸಬೇಕು. ಏರು ಬಂದರೆ ಜನ ಇಳಿದು ತಳ್ಳಬೇಕು. ಯುರೋಪಿನಲ್ಲಂತೂ ಜಾರ್ಜ್ ಇಂಬೆರ್ 1920ರ ದಶಕದಲ್ಲಿ ರೂಪಿಸಿದ ಕಟ್ಟಿಗೆ ಗ್ಯಾಸಿನ ಒಲೆಯ ಮಾದರಿಯಲ್ಲಿ ಯುದ್ಧದ ಕಾಲಕ್ಕೆ ಲಕ್ಷಗಟ್ಟಲೆ ಗಾಡಿಗಳು ಓಡಿದವು. ತಂತ್ರ ಇಷ್ಟೇ. ಮುಚ್ಚಿದ ಉರುಳೆಯಲ್ಲಿ ಸಾಕಷ್ಟು ಗಾಳಿ ಕೊಡದೆ ಕಟ್ಟಿಗೆ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಬರುತ್ತವೆ. ಅದನ್ನು ಸೋಸಿ, ತಣ್ಣಗೆ ಮಾಡಿ ಎಂಜಿನ್ನಿಗೆ ಕೊಟ್ಟರೆ ಗಾಡಿ ಓಡುತ್ತದೆ. ಪೆಟ್ರೋಲಿನ ಬಲ ಇರುವುದಿಲ್ಲ. ಸೋರಿದರೆ ಜೀವಕ್ಕೂ ಕುತ್ತು.

ನನ್ನ ಕಲ್ಪನೆಯ ಹಾಳು ಲೋಕ ಬಳ್ಳಾರಿ, ರಾಯಚೂರಿನ ಬಯಲು. ಅಲ್ಲಿ ಪೆಟ್ರೋಲ್ ಬಂಕು ಸತ್ತರೂ ಬಳ್ಳಾರಿ ಜಾಲಿ ಸಾಯುವುದಿಲ್ಲ. ಕಡಿದಷ್ಟೂ ಚಿಗುರುವ ಮುಳ್ಳು ಮರ. ಈಗಲೂ ಅದರಿಂದ ಇದ್ದಿಲು ಸುಡುತ್ತಾರೆ. ಹಾಗಾಗಿ ನಾನು ಒಂದು ಪಿಕಪ್ಪನ್ನು ಜಾಲಿ ಕಟ್ಟಿಗೆಯ ಗಾಡಿ ಮಾಡಿದೆ. ನನ್ನ ಕಪಾಟಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಒಲೆಗೆ ಬಳಸಿದ್ದು ಇಂಜೆಕ್ಷನ್ ಸಿರಿಂಜಿನ ಕೊಳವೆ. 10 ಮಿಲಿಮೀಟರ್ ಅಗಲ ಅಂದರೆ 1:64 ಲೆಕ್ಕದಲ್ಲಿ 64 ಸೆಂಟಿಮೀಟರ್. 22 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿದರೆ ಹೆಚ್ಚುಕಮ್ಮಿ 1.4 ಮೀಟರ್ ಎತ್ತರ. ನಿಜವಾದ ಒಲೆಯೂ ಅಷ್ಟೇ ಇರುತ್ತದೆ. ಪೈಪಿಗೆ 1 ಮಿಲಿಮೀಟರಿನ ಬೆಸುಗೆ ತಂತಿ. ಬೆರಳಲ್ಲೇ ಬಗ್ಗುತ್ತದೆ, ಬಗ್ಗಿದ ಕಡೆ ಚಪ್ಪಟೆಯಾಗುವುದಿಲ್ಲ. ಮುಟ್ಟಿದ ಮೇಲೆ ಕೈ ತೊಳೆಯಬೇಕು, ಸೀಸ ಇರುತ್ತದೆ. ಸೋಸುವ ಡಬ್ಬಿಗೆ ಬಾಲ್ ಪೆನ್ನಿನ ಮುಚ್ಚಳ. ಮುಚ್ಚಳದ ಬಿಗಿತಕ್ಕೆ ಗುಂಡುಸೂಜಿಯ ತಲೆಗಳು. ಸಂದುಗಳಿಗೆ ಎಂ-ಸೀಲ್. ಅದನ್ನು ನಯ ಮಾಡಲಿಲ್ಲ. ಹಳ್ಳಿಯ ವೆಲ್ಡಿಂಗ್ ಅಂಗಡಿಯವನು ಆತುರದಲ್ಲಿ ಹಾಕಿದ ವೆಲ್ಡಿಂಗಿನ ಹಾಗೆ ಗಂಟುಗಂಟಾಗಿ ಬಿಟ್ಟೆ. ತೊಟ್ಟಿಯಲ್ಲಿ ಬಂದೂಕಿನವನ ಜಾಗಕ್ಕೆ ಕತ್ತರಿಸಿ ಜೋಡಿಸಿದ ಕಡ್ಡಿಗಳು, ಅಂದರೆ ಗಾಡಿಯವನ ಕಟ್ಟಿಗೆ ದಾಸ್ತಾನು. ಪಕ್ಕದಲ್ಲಿ ಒಂದು ಮಚ್ಚು. ಅವನ ಆಯುಧವೂ ಅದೇ, ಕಸುಬೂ ಅದೇ.

ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದೇನೆ. ಎಂ-ಸೀಲಿನ ಸಾಸಿವೆಯಷ್ಟು ಗುಂಡು, ಹಸಿರು ವಯರಿನ ಚೂರು. ಲೋಕ ಮುಗಿದರೂ ದೃಷ್ಟಿ ತಗಲುವುದು ನಿಲ್ಲುತ್ತದಾ?

ಈಗ ತುಕ್ಕಿಗೆ ಬರೋಣ. ಈ ಗಾಡಿಯಲ್ಲಿ ತುಕ್ಕು ಇರುವುದು ಒಂದೇ ಕಡೆ. ಕಟ್ಟಿಗೆಯಲ್ಲಿ ತೇವ ಇರುತ್ತದೆ. ಅದು ಆವಿಯಾಗಿ ಗ್ಯಾಸಿನ ಜೊತೆ ಬಂದು ಕೂಲರ್ ಪೈಪಿನಲ್ಲಿ ನೀರಾಗಿ ಇಳಿಯುತ್ತದೆ. ಆ ನೀರನ್ನು ಆಗಾಗ ಬಿಡಬೇಕು. ಬಿಡುವ ತೂತಿನ ಕೆಳಗೆ, ತಳದ ಚೌಕಟ್ಟಿನ ಮೇಲೆ ಕೆಂಪು ಕಂದು ಗೆರೆ ಇಳಿದಿದೆ. ಅಷ್ಟೇ. ಒಲೆಯ ಬುಡದಲ್ಲಿ ಬಣ್ಣ ಸುಟ್ಟು ಕಪ್ಪಾಗಿ ಅದರಾಚೆ ಬೂದು. ಮುಚ್ಚಳದ ಸುತ್ತ ಮಸಿ. ಮಸಿಗೆ ಬೀದಿ ಕೊನೆಯ ಇಸ್ತ್ರಿ ಗಾಡಿಯವರ ಹತ್ತಿರ ಒಂದು ಚೂರು ಇದ್ದಿಲು ಇಸಕೊಂಡೆ. “ಏನಕ್ಕಣ್ಣ ಇಷ್ಟೇ ಇಷ್ಟು?” ಅಂದರು. ಕಾರಿಗೆ ಅಂದೆ. ಮುಂದೆ ಕೇಳಲಿಲ್ಲ.

ಉಳಿದ ಮೈಯೆಲ್ಲ ಬಿಸಿಲು ತಿಂದ ಬಣ್ಣ. ಮೊದಲು ಬೂದು ಪ್ರೈಮರ್, ಅದರ ಮೇಲೆ ನೀಲಿ. ಆ ನೀಲಿಗೇ ಬಿಳಿ ಬೆರೆಸುತ್ತಾ ಬಾನೆಟ್ಟು, ಟಾಪಿನ ಮೇಲೆ ತೆಳ್ಳಗೆ ಪದರ ಪದರವಾಗಿ ಹಾಕಿದೆ. ಬಾಗಿಲಿನ ಕೆಳಗೆ, ಹಿಡಿಕೆಯ ಅಡಿಯಲ್ಲಿ ಮೂಲ ನೀಲಿ ಹಾಗೇ ಉಳಿದಿದೆ. ಅಲ್ಲಿಗೆ ಬಿಸಿಲು ಹೋಗುವುದಿಲ್ಲವಲ್ಲ. ಒಂದು ಬಾಗಿಲು ಮಾತ್ರ ಹಳದಿ. ಅದು ಬೇರೆ ಗಾಡಿಯಿಂದ ಕಿತ್ತು ತಂದದ್ದು. ಬಾಗಿಲು ಬಣ್ಣ ಹೊಂದದಿದ್ದರೆ ಇವನ ಹತ್ತಿರ ಬಣ್ಣ ಇಲ್ಲ, ಆದರೆ ಸ್ಪ್ಯಾನರ್ ಇದೆ ಅಂತ ಗೊತ್ತಾಗುತ್ತದೆ.

ಇಂಥ ಸೂಕ್ಷ್ಮಗಳನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುವುದು ಗುಜರಿ. ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಗಲ್ಲಿಗಳು ಇದ್ದೇ ಇವೆ. ಬಾಗಿಲುಗಳ ಸಾಲು, ಬಂಪರುಗಳ ರಾಶಿ, ಎಂಜಿನ್ನುಗಳ ಗುಡ್ಡೆ. ಫೋಟೊ ತೆಗೆಯುತ್ತಿದ್ದ ನನ್ನನ್ನು ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು ಕರೆದರು. “ಏನ್ ಸಾರ್ ಬೇಕು?” ತುಕ್ಕು ನೋಡೋಕೆ ಬಂದೆ ಅಂದೆ. ನಗಲಿಲ್ಲ. ಒಂದು ಹಳೇ ಫೆಂಡರ್ ಎತ್ತಿ ಒಳಮುಖ ತಿರುಗಿಸಿ, “ಮೇಲ್ಗಡೆ ಏನ್ ನೋಡ್ತೀರಾ? ಕೆಸರು ಎಲ್ಲಿ ಕೂತ್ಕೊಳ್ತದೆ, ಅಲ್ಲಿಂದ ತಿನ್ನೋದು ಶುರು” ಅಂದರು. ಚಕ್ರದ ಮೇಲಿನ ಮಡಿಕೆಯಲ್ಲಿ ಒಣಗಿದ ಮಣ್ಣು ಇನ್ನೂ ಕಚ್ಚಿಕೊಂಡಿತ್ತು. ಅದರ ಹಿಂದೆ ತಗಡು ಜರಡಿಯಾಗಿತ್ತು. ತೇವದ ಊರಿನ ಗಾಡಿ ಮಾಡುವಾಗ ನಾನು ಈಗ ಬ್ರಷ್ಷು ಇಡುವುದು ಅದೇ ಮಡಿಕೆಯಿಂದ.

ಧೂಳಿಗೆ ಅಂಗಡಿಯ ದುಬಾರಿ ಪುಡಿ ಬೇಡ. ಕೆಮ್ಮಣ್ಣು ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದರೆ ಹಿಟ್ಟಿಗಿಂತ ನಯ. ಒಣ ಬ್ರಷ್ಷಿನಲ್ಲಿ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬರಬೇಕು. ವೈಪರ್ ಓಡಿದ ಅರ್ಧಚಂದ್ರ ಮಾತ್ರ ಗಾಜಿನ ಮೇಲೆ ಸ್ವಚ್ಛ. ಕಡೆಗೆ ಮ್ಯಾಟ್ ವಾರ್ನಿಷ್ ಸ್ಪ್ರೇ. ಇದನ್ನು ಜುಲೈ ತಿಂಗಳ ಮಳೆಯಲ್ಲಿ ಹೊಡೆಯಬೇಡಿ. ಗಾಳಿಯ ತೇವ ಸೇರಿ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದೆ. ಬಿಸಿಲು ಬಿದ್ದ ದಿನ, ಮಧ್ಯಾಹ್ನ, ತೆಳ್ಳಗೆ.

ಆಟದ ಮೇಜಿನ ಮೇಲೆ ಬರೀ ಗಾಡಿ ಇದ್ದರೆ ಬೋಳು ಬೋಳು. ಗುಡ್ಡ, ಗೋಡೆ, ಹಾಳು ಬಂಕು ಬೇಕು. ನಾನು ಇಟ್ಟಿರುವ ಒಂದು ವಿಚಿತ್ರ ನೋಡಿದವರು ಇದು ಯಾವ ಆಯುಧ ಅಂತ ಕೇಳುತ್ತಾರೆ. ಎಂಜಿನ್ನೂ ಗಾಜೂ ಇಲ್ಲದ ಕಾರು, ಮುಂದೆ ಎರಡು ಎತ್ತು. ಇದು ಕಲ್ಪನೆಯಲ್ಲ. 1930ರ ದಶಕದ ಮಹಾಕುಸಿತದಲ್ಲಿ ಕೆನಡಾದ ರೈತರಿಗೆ ಪೆಟ್ರೋಲ್ ಕೊಳ್ಳಲು ಕಾಸಿರಲಿಲ್ಲ. ಕಾರಿನ ಎಂಜಿನ್ ತೆಗೆದು ಕುದುರೆ ಕಟ್ಟಿದರು. ಆಗಿನ ಪ್ರಧಾನಿ ಆರ್.ಬಿ. ಬೆನೆಟ್ ಮೇಲಿನ ಸಿಟ್ಟಿಗೆ ಅದಕ್ಕೆ ‘ಬೆನೆಟ್ ಬಗ್ಗಿ’ ಅಂತ ಹೆಸರಿಟ್ಟರು. ನಮ್ಮ ಹಳ್ಳಿಗಳ ಟೈರು ಗಾಡಿಯೂ ಹೆಚ್ಚೇನು ದೂರದ್ದಲ್ಲ. ಎತ್ತು ಎಳೆಯುತ್ತದೆ, ಓಡುವುದು ರಬ್ಬರ್ ಟೈರಿನ ಮೇಲೆ. ಆಟದಲ್ಲಿ ಈ ಗಾಡಿಗೆ ಯಾವ ಅಂಕವೂ ಇಲ್ಲ, ರಸ್ತೆಗೆ ಅಡ್ಡ ನಿಂತಿರುವುದಷ್ಟೇ ಅದರ ಕೆಲಸ. ಆದರೂ ಜನ ಅದನ್ನು ಗುದ್ದದೆ ಸುತ್ತು ಹಾಕಿ ಹೋಗುತ್ತಾರೆ. ಎತ್ತು ಇದೆಯಲ್ಲ!

ಜಾಲಿ ಕಟ್ಟಿಗೆ ಗಾಡಿಯನ್ನು ಆಟದಲ್ಲಿ ‘ಟ್ರಕ್’ ಲೆಕ್ಕದಲ್ಲಿ ಇಳಿಸುತ್ತೇನೆ. ಟ್ರಕ್ಕಿಗೆ 12 ಪೆಟ್ಟು ತಾಳುವ ಶಕ್ತಿ, ಆದರೆ ನಾಲ್ಕನೇ ಗೇರಿಗಿಂತ ಮೇಲೆ ಹೋಗುವಂತಿಲ್ಲ. ಆರನೇ ಗೇರಿನ ರೇಸ್ ಕಾರು ಒಂದು ಸುತ್ತಿನಲ್ಲಿ ಆರು ಸಲ ಸರಿಯುವಾಗ ಇದು ಹೆಚ್ಚೆಂದರೆ ನಾಲ್ಕು ಸಲ. ಇದ್ದಿಲ ಬಸ್ಸಿನ ಕತೆಗೆ ಸರಿಯಾಗಿಯೇ ಇದೆ. ನಮ್ಮ ಅಕ್ಕನ ಮಗಳು ನನ್ನ ಕಾಯಂ ಎದುರಾಳಿ. ಅವಳಿಗೆ ತುಕ್ಕು, ಧೂಳು ಏನೂ ಬೇಡ. ಗುಲಾಬಿ ಬಣ್ಣದ ರೇಸ್ ಕಾರು, ಬಿಚ್ಚಿಯೂ ಇಲ್ಲ, ಮೇಲೆ ರೀಫಿಲ್ಲಿನ ಎರಡು ತುಂಡು ಬಂದೂಕು. “ಮಾಮ, ನಿನ್ ಗಾಡಿ ಸೌದೆ ಒಲೆ ಥರ ಇದೆ” ಅಂದಳು. ಸೌದೆ ಒಲೆಯೇ ಕಣೇ ಅಂದೆ. ಅವಳ ಕಾರು ಆರನೇ ಗೇರಿನಲ್ಲಿ ಬಂದು ತಿರುವಿನಲ್ಲಿ ಬಿಲ್ಲೆ ಆರಾಗಿ ಗಿರಕಿ ಹೊಡೆಯಿತು. ಮುಂದಿನ ಸುತ್ತಿನಲ್ಲಿ ಅದೇ ಕಾರು ನನ್ನ ಒಲೆಗೆ ಗುರಿಯಿಟ್ಟು ಹೊಡೆದು ಗಾಡಿ ಮುಗಿಸಿತು. ಗುಲಾಬಿ ಬಣ್ಣದ ಬಗ್ಗೆ ನನಗೀಗ ತಕರಾರಿಲ್ಲ. ಅದು ಮಂಗಳ ಗ್ರಹದ ಕೃಪೆ ಇರುವ ತಂಡ, ಅವರಿಗೆ ಪೇಂಟು ಸಿಗುತ್ತದೆ ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ.

ಮುಂದಿನ ಕೆಲಸ ಬಸ್ಸು. ಬಾಗಿಲಿನ ಎತ್ತರ ಹೊಂದುವ ಆಟಿಕೆ ಬಸ್ಸು ಇನ್ನೂ ಸಿಕ್ಕಿಲ್ಲ, ಎರಡು ವ್ಯಾನು ಕತ್ತರಿಸಿ ಸೇರಿಸಬೇಕಾಗಬಹುದು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಒಲೆಯನ್ನು ಹಿಂದೆ ನಡುಮಧ್ಯ ಇಡಬೇಕಾ, ಡ್ರೈವರಿನ ಎದುರು ಬದಿಗಾ? ಕ್ಲೀನರ್ ತಿದಿ ತಿರುಗಿಸುತ್ತಿದ್ದದ್ದು ನೆಲದ ಮೇಲೆ ನಿಂತಾ, ಏಣಿಯ ಮೇಲಾ? ನಿಮ್ಮ ಮನೆಯ ಹಳೇ ಆಲ್ಬಮ್ಮಿನಲ್ಲಿ ಇದ್ದಿಲ ಬಸ್ಸಿನ ಫೋಟೊ ಇದ್ದರೆ, ಮುಖಗಳು ಮಸುಕಾಗಿದ್ದರೂ ಪರವಾಗಿಲ್ಲ, ಬಸ್ಸಿನ ಹಿಂಭಾಗ ಕಾಣುವಂಥದ್ದು ಒಂದು ಕಳಿಸಿಕೊಡಿ.